ಕ್ಲಚ್ಚು ಬಿಚ್ಚಿದ ದನದ ಡಾಕ್ಟರು

ನನಗೆ ಜಂಬವೇ ಇಲ್ಲ ಎಂದು ಹೇಳಿಕೊಳ್ಳುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನ. ಮನುಷ್ಯನಾಗಿ ಹುಟ್ಟಿದ ಮೇಲೆ ಯಾವುದಾದರೂ ಒಂದು ವಿಷಯಕ್ಕೆ ಎದೆ ಉಬ್ಬಲೇಬೇಕು. ಕೆಲವರಿಗೆ ಮಗಳ ಸಂಗೀತ, ಕೆಲವರಿಗೆ ಮನೆ ಮುಂದಿನ ಗುಲಾಬಿ. ನಮ್ಮ ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರರಿಗೆ ತಮ್ಮ ಹಲ್ಲಿನ ಬಗ್ಗೆ ಜಂಬ. ಈ ವಯಸ್ಸಿನಲ್ಲೂ ಕಬ್ಬು ಸಿಗಿದು ತಿನ್ನುತ್ತಾರೆ, ಅದೂ ಯಾರಾದರೂ ನೋಡುತ್ತಿರುವಾಗ ಮಾತ್ರ. ನಾನು ಸರ್ಕಾರಿ ಪಶುವೈದ್ಯನಾಗಿ ಮೂರು ತಾಲ್ಲೂಕು ಸುತ್ತಿದವನು. ಎಷ್ಟೋ ಹಸು, ಎಮ್ಮೆ, ಕುರಿಗಳಿಗೆ ಔಷಧಿ ಕೊಟ್ಟಿದ್ದೇನೆ, ಅವುಗಳಲ್ಲಿ ಹೆಚ್ಚಿನವು ಬದುಕಿಯೂ ಇವೆ. ಆದರೆ ಆ ಬಗ್ಗೆ ನನಗೆ ಅಂಥ ಹೆಮ್ಮೆ ಏನಿಲ್ಲ, ಅದಕ್ಕೆ ಸಂಬಳ ಕೊಡುತ್ತಿದ್ದರು. ನನ್ನ ಹೆಮ್ಮೆಯೆಲ್ಲ ಒಂದು ಹಳೇ ಮೋಟಾರ್ ಸೈಕಲ್ಲಿನ ಕ್ಲಚ್ಚಿನದು. ಅದರ ಕಾಯಿಲೆ ಕಂಡುಹಿಡಿದವನೂ ನಾನೇ, ಅದನ್ನು ಬಿಚ್ಚಿದವನೂ ನಾನೇ, ಮತ್ತೆ ಜೋಡಿಸಿ ಓಡಿಸಿದವನೂ ನಾನೇ. ಈ ಮೂರನೆಯದರಲ್ಲಿ ಸ್ವಲ್ಪ ತಕರಾರಿದೆ. ಅದನ್ನು ಅದರ ಜಾಗದಲ್ಲಿ ಹೇಳುತ್ತೇನೆ.

ಆಗ ನಾವು ಚಾಮರಾಜನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಊರು ಇನ್ನೂ ಜಿಲ್ಲೆ ಆಗಿರಲಿಲ್ಲ, ಆಗುತ್ತದೆ ಎಂಬ ಮಾತು ಮಾತ್ರ ಪ್ರತಿ ಟೀ ಅಂಗಡಿಯಲ್ಲೂ ಇತ್ತು. ನನ್ನ ಹೆಂಡತಿ ನಾಗಮಣಿ ಅಲ್ಲಿನ ಪ್ರೈಮರಿ ಶಾಲೆಯಲ್ಲಿ ಟೀಚರು. ನನ್ನ ಆಸ್ಪತ್ರೆ ಇದ್ದದ್ದು ಗುಂಡ್ಲುಪೇಟೆಯಿಂದಾಚೆ, ಗೋಪಾಲಸ್ವಾಮಿ ಬೆಟ್ಟದ ಕಡೆಯ ಒಂದು ಹಳ್ಳಿಯಲ್ಲಿ. ದಿನಾ ಬೆಳಿಗ್ಗೆ ಬ್ಯಾಗು ಕಟ್ಟಿಕೊಂಡು ಹೊರಟರೆ ಅರಿಶಿನದ ಹೊಲಗಳನ್ನು ದಾಟಿ, ತೆರಕಣಾಂಬಿ ದಾಟಿ, ಗುಂಡ್ಲುಪೇಟೆ ಪೇಟೆಬೀದಿಯಲ್ಲಿ ನುಗ್ಗಿ ಆಚೆ ಹೋಗಬೇಕು. ಗುಂಡ್ಲುಪೇಟೆಯಲ್ಲಿ ರಸ್ತೆಗೇ ಮುಖಮಾಡಿ ನನ್ನ ಮಾವನ ಮನೆ. ಜಗುಲಿಯ ಮೇಲೆ ಒಂದು ಮರದ ಕುರ್ಚಿ, ಕುರ್ಚಿಯ ಮೇಲೆ ನನ್ನ ಮಾವ. ಅವರು ಬಸ್ ಡ್ರೈವರ್ ಆಗಿ ನಿವೃತ್ತರಾದವರು. ಊಟಿ ಘಾಟಿಯಲ್ಲೂ ವೈನಾಡಿನ ಘಾಟಿಯಲ್ಲೂ ಜೀವಮಾನವೆಲ್ಲ ಬಸ್ಸು ಹತ್ತಿಸಿ ಇಳಿಸಿದವರು. ಒಂದು ಸಣ್ಣ ಅಪಘಾತವನ್ನೂ ಮಾಡಿರಲಿಲ್ಲ. ಅದಕ್ಕೆ ಸಿಕ್ಕಿದ ಸರ್ಟಿಫಿಕೇಟನ್ನು ಚೌಕಟ್ಟು ಹಾಕಿಸಿ, ದೇವರ ಪಟಕ್ಕಿಂತ ಒಂದು ಗೇಣು ಮೇಲೆ ನೇತುಹಾಕಿದ್ದರು.

ನಾನು ಓಡಿಸುತ್ತಿದ್ದ ಮೋಟಾರ್ ಸೈಕಲ್ಲು ಮೊದಲು ಅವರದೇ. ಮಗಳನ್ನು ಕೊಟ್ಟಾಗ ಕೊಟ್ಟದ್ದಲ್ಲ. ಅದಾದ ಎಷ್ಟೋ ಕಾಲದ ಮೇಲೆ, ಕಾಲು ನೋವು ಶುರುವಾಗಿ ಕಿಕ್ ಹೊಡೆಯಲಾರದೆ ಕೊಟ್ಟದ್ದು. ಮಗಳನ್ನು ಕೊಟ್ಟ ದಿನ ಅವರ ಕಣ್ಣಿನಲ್ಲಿ ನೀರು ಕಂಡವರಿಲ್ಲ. ಗಾಡಿ ಕೊಟ್ಟ ದಿನ ಮಾತ್ರ ಒಳಗೆ ಹೋಗಿ ಬಹಳ ಹೊತ್ತು ಮುಖ ತೊಳೆದರು ಎಂದು ನಾಗಮಣಿ ಈಗಲೂ ಹೇಳುತ್ತಾಳೆ. ಕಪ್ಪು ಬಣ್ಣ, ದಪ್ಪ ಟ್ಯಾಂಕು, ಎರಡು ಸೈಲೆನ್ಸರು, ಬೀದಿಯ ಆ ತುದಿಯಲ್ಲಿದ್ದರೂ ಗೊತ್ತಾಗುವ ಡಬಡಬ ಸದ್ದು. ನಾನು ಬೆಳಿಗ್ಗೆ ಗುಂಡ್ಲುಪೇಟೆ ಹೊಕ್ಕೊಡನೆ ಮಾವ ಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡು ಆ ಸದ್ದು ಕೇಳುತ್ತಿದ್ದರು. ಸಂಗೀತ ಕಚೇರಿಗೆ ಕೂತವರು ತಾಳ ಹಾಕುವ ಹಾಗೆ ಅವರ ಬೆರಳು ಕುರ್ಚಿಯ ಕೈಮೇಲೆ ಆಡುತ್ತಿತ್ತು. ಏನಾದರೂ ತಪ್ಪಿದ್ದರೆ ಸಂಜೆ ವಾಪಸು ಬರುವಾಗ ಜಗುಲಿಯಿಂದಲೇ ಕೈ ಎತ್ತಿ ನಿಲ್ಲಿಸುತ್ತಿದ್ದರು. ಸಿಟ್ಟು ಇದ್ದ ದಿನ ನನ್ನನ್ನು 'ಡಾಕ್ಟ್ರೇ' ಎನ್ನುತ್ತಿದ್ದರು, ಸಮಾಧಾನದ ದಿನ 'ಅಳಿಮಯ್ಯ'. ಗಾಡಿ ನನ್ನ ಕೈಗೆ ಬಂದ ಮೇಲೆ ನಾನು ಡಾಕ್ಟರಾಗಿಯೇ ಉಳಿದುಬಿಟ್ಟಿದ್ದೆ.

ಕಾಯಿಲೆ ಶುರುವಾದದ್ದು ಮೆತ್ತಗೆ. ಮೊದಲು ಕಿಕ್ಕು ಜಾರತೊಡಗಿತು. ಮೊದಲೆಲ್ಲ ಕಾಲಿಟ್ಟರೆ ವಾಪಸು ಒದೆಯುವಷ್ಟು ಬಿಗಿ ಇದ್ದದ್ದು, ಈಗ ಬೆಣ್ಣೆಗೆ ಕಾಲಿಟ್ಟ ಹಾಗೆ ಸರಕ್ಕನೆ ಕೆಳಗಿಳಿಯುತ್ತಿತ್ತು. ಆಮೇಲೆ ರಸ್ತೆ ಸ್ವಲ್ಪ ಏರಿದರೆ ಸಾಕು, ಎಂಜಿನ್ನು ಜೋರಾಗಿ ಕಿರುಚುವುದು, ಗಾಡಿ ಮಾತ್ರ ತನ್ನ ಪಾಡಿಗೆ ತಾನು ನಿಧಾನ. ಕಾರ್ಬೊರೇಟರ್ ಕಟ್ಟಿಕೊಂಡಿದೆ ಎಂದು ಚಾಮರಾಜನಗರದ ಒಬ್ಬ ಮೆಕ್ಯಾನಿಕ್ಕು ಬಿಚ್ಚಿ ತೊಳೆದ. ಮತ್ತೊಬ್ಬ ಪ್ಲಗ್ಗು ಬದಲಾಯಿಸಿದ. ಆಸ್ಪತ್ರೆಯ ಅಟೆಂಡರ್ ಸಿದ್ದಯ್ಯ, "ದೃಷ್ಟಿ ಆಗ್ಬುಟ್ಟದ ಕಣ್ ಸಾ" ಎಂದು ಹ್ಯಾಂಡಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ. ಈ ಮೂರರಲ್ಲಿ ಸ್ವಲ್ಪವಾದರೂ ಗುಣ ಕಂಡದ್ದು ನಿಂಬೆಹಣ್ಣಿನಿಂದಲೇ. ಏಕೆಂದರೆ ಅದನ್ನು ಕಟ್ಟಿದ ದಿನ ನಾನು ಇಳಿಜಾರಿನ ಊರುಗಳಿಗೆ ಮಾತ್ರ ಹೋಗಿದ್ದೆ.

ಮಾವನ ರೋಗನಿರ್ಣಯ ಬೇರೆಯೇ ಇತ್ತು. "ಗಾಡಿಗೇನೂ ಆಗಿಲ್ಲ ಡಾಕ್ಟ್ರೇ. ಓಡ್ಸೋರಿಗೆ ಆಗಿರೋದು," ಎಂದರು.

"ಏರು ಹತ್ತುತ್ತಿಲ್ಲ ಮಾವ."

"ನಾ ಓಡ್ಸಾಗ ಹತ್ತದೇ ಇದ್ದ ಏರು ಈ ತಾಲೂಕಲ್ಲೇ ಇರ್ನಿಲ್ಲ. ದನ ಓಡ್ಸೋರ್ ಕೈಗೆ ಗಾಡಿ ಕೊಟ್ಬುಟ್ಟೆ, ನಂದೇ ತಪ್ಪು ಬುಡಿ."

ಒಂದು ಭಾನುವಾರ ನಾಗಮಣಿಯನ್ನು ಹಿಂದೆ ಕೂರಿಸಿಕೊಂಡು ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟೆ. ಹರಕೆಯೇನೂ ಇರಲಿಲ್ಲ, ಬೆಟ್ಟದ ಮೇಲೆ ತಂಪಾಗಿರುತ್ತದೆ ಅಂತ ಅಷ್ಟೇ. ಬುಡದ ಚೆಕ್‌ಪೋಸ್ಟ್ ದಾಟಿ ಮೊದಲನೇ ತಿರುವಿಗೆ ಬಂದೆವು, ಎಂಜಿನ್ನು ಕಿರುಚಲು ಶುರುಮಾಡಿತು. ಎರಡನೇ ತಿರುವಿನಲ್ಲಿ ಸುಟ್ಟ ವಾಸನೆ. ನಾನು ಎಕ್ಸಲರೇಟರ್ ತಿರುವಿದಷ್ಟೂ ಸದ್ದು ಹೆಚ್ಚಾಯಿತೇ ಹೊರತು ಚಕ್ರಕ್ಕೆ ಆ ಸುದ್ದಿ ಮುಟ್ಟಲೇ ಇಲ್ಲ. ನಾಗಮಣಿ ಹಿಂದಿನಿಂದ ಮೆಲ್ಲಗೆ ಇಳಿದದ್ದು ನನಗೆ ಗೊತ್ತಾಗಲಿಲ್ಲ. ಗೊತ್ತಾದದ್ದು ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಪಕ್ಕದಲ್ಲೇ ನಡೆದು ಬರುತ್ತಿದ್ದಾಗ. ಸ್ವಲ್ಪ ಹೊತ್ತಿಗೆ ಅವಳು ಮುಂದೆ ಹೋದಳು.

"ರೀ, ನಾನು ಹೋಗಿ ಹಣ್ಣುಕಾಯಿ ಮಾಡಿಸಿರ್ತೀನಿ. ನೀವು ನಿಧಾನಕ್ಕೆ ಬನ್ನಿ," ಎಂದಳು, ತಿರುಗಿ ನೋಡದೆ.

ಗಂಡಸಿಗೆ ಎಷ್ಟೋ ತರದ ಅವಮಾನಗಳಿವೆ. ಮೋಟಾರ್ ಸೈಕಲ್ ಮೇಲೆ ಕೂತವನನ್ನು ಹೆಂಡತಿ ನಡೆದುಕೊಂಡೇ ಹಿಂದೆ ಹಾಕುವುದು ಅವುಗಳಲ್ಲಿ ಎಲ್ಲಿ ಬರುತ್ತದೋ ನನಗೆ ತಿಳಿಯದು. ಅವತ್ತು ಬೆಟ್ಟ ಹತ್ತಲಿಲ್ಲ. ಗಾಡಿಯನ್ನು ತಿರುಗಿಸಿ, ಅವಳನ್ನು ಕೂಗಿ ಕರೆದು, ಎಂಜಿನ್ ನಿಲ್ಲಿಸಿ ಇಳಿಜಾರಿನಲ್ಲಿ ಸದ್ದಿಲ್ಲದೆ ಇಳಿದು ಬಂದೆವು. ಮಾವನ ಮನೆಯ ಮುಂದೆ ಹಾಯದೆ ಹಿಂದಿನ ಬೀದಿಯಲ್ಲಿ ಸುತ್ತಿ ಹೋದೆ. ಆದರೂ ಅವರು ಕೇಳಿಸಿಕೊಂಡಿದ್ದರು. ಮಾರನೆಯ ದಿನ ಸಂಜೆ ಜಗುಲಿಯಿಂದ ಕೈ ಎತ್ತಿ, "ನಿನ್ನೆ ಹಿಂದ್ಗಡೆ ಬೀದೀಲಿ ಏನ್ ಕೆಲ್ಸ ಇತ್ತು ಡಾಕ್ಟ್ರೇ?" ಎಂದರು.

ಇಷ್ಟೇ ಆಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆನೇನೋ. ಆದರೆ ಆ ವಾರವೇ ಕಾಡಂಚಿನ ಒಂದು ಊರಿನಿಂದ ಕರೆ ಬಂತು. ಚಿಕ್ಕತಾಯಮ್ಮ ಎಂಬ ಮುದುಕಿಯ ಹಸು ಬೆಳಗಿನಿಂದ ಕರು ಹಾಕಲಾರದೆ ಒದ್ದಾಡುತ್ತಿದೆ ಅಂತ ಅವಳ ಪಕ್ಕದ ಮನೆಯವನು ಸೈಕಲ್ ತುಳಿದುಕೊಂಡು ಬಂದು ಹೇಳಿದ. ಇಂಥ ಕೆಲಸದಲ್ಲಿ ಸ್ವಲ್ಪ ತಡವಾದರೂ ಕರು ಹೋಗುತ್ತದೆ, ಇನ್ನೂ ತಡವಾದರೆ ಹಸುವೂ ಹೋಗುತ್ತದೆ. ನಾನು ಬ್ಯಾಗು ಹಾಕಿಕೊಂಡು ಹಾರಿದೆ. ಊರು ಒಂದು ದಿಬ್ಬದ ಮೇಲಿತ್ತು. ದಿಬ್ಬದ ಅರ್ಧಕ್ಕೆ ಬಂದೊಡನೆ ಗಾಡಿ ತನ್ನ ಕಿರುಚಾಟ ಶುರುಮಾಡಿತು. ಮೊದಲನೇ ಗೇರಿಗೆ ಹಾಕಿದೆ, ಅದೇ ಕತೆ. ಸುಟ್ಟ ವಾಸನೆ ಬಂತು, ಗಾಡಿ ನಿಂತೇಬಿಟ್ಟಿತು. ಅದನ್ನು ಹುಣಸೆಮರಕ್ಕೆ ಒರಗಿಸಿ ಬ್ಯಾಗು ಹೆಗಲಿಗೆ ಹಾಕಿಕೊಂಡು ಓಡಿದೆ. ಓಡಿದೆ ಎಂದರೆ ನಂಬಬೇಕು, ಆಗ ನನಗೆ ಹೊಟ್ಟೆ ಇಷ್ಟು ಇರಲಿಲ್ಲ.

ಚಿಕ್ಕತಾಯಮ್ಮ ಊರ ಬಾಗಿಲಲ್ಲೇ ನಿಂತಿದ್ದಳು. ಬೆವರು ಸುರಿಸಿಕೊಂಡು ಏದುಸಿರು ಬಿಡುತ್ತ ಬಂದ ನನ್ನನ್ನು ನೋಡಿ ಅವಳಿಗೆ ಗಾಬರಿಯಾಯಿತು.

"ಗಾಡಿ ಎಲ್ಲಿ ಬುದ್ದೀ?"

"ಬರ್ತದೆ ಕಣಮ್ಮ, ಹಿಂದೆ ಬರ್ತದೆ," ಎಂದೆ. ಏಕೆ ಹಾಗಂದೆನೋ ಗೊತ್ತಿಲ್ಲ. ಅವಳು ಸ್ವಲ್ಪ ಹೊತ್ತು ರಸ್ತೆಯನ್ನೇ ನೋಡಿದಳು, ಪಾಪ.

ಹಸು ಕೊಟ್ಟಿಗೆಯಲ್ಲಿ ಮಲಗಿಬಿಟ್ಟಿತ್ತು. ಅಂಗಿ ಬಿಚ್ಚಿ, ಕೈಗೆ ಸೋಪು ಹಚ್ಚಿ, ಮೊಳಕೈ ದಾಟುವವರೆಗೆ ಒಳಗೆ ಕೈ ಹಾಕಿದೆ. ಕರು ತಲೆಯನ್ನು ಪಕ್ಕಕ್ಕೆ ತಿರುಗಿಸಿಕೊಂಡಿತ್ತು, ಆದರೆ ಜೀವ ಇತ್ತು. ಬೆರಳು ಇಟ್ಟಾಗ ಕಾಲು ಎಳೆದುಕೊಂಡಿತು. ತಲೆಯನ್ನು ಹೇಗೋ ಸರಿ ಮಾಡಿದೆ. ಕಾಲು ಹಿಡಿದು ಎಳೆದರೆ ಬರುತ್ತಿಲ್ಲ. ನನ್ನ ತೋಳಿನಲ್ಲಿ ಬಲ ಇತ್ತು, ಹಸುವೂ ತನ್ನ ಶಕ್ತಿಯೆಲ್ಲ ಹಾಕಿ ತಿಣುಕುತ್ತಿತ್ತು, ಆದರೆ ಕರುವಿನ ಕಾಲು ಲೋಳೆಲೋಳೆಯಾಗಿ ನನ್ನ ಹಿಡಿತದಿಂದ ಜಾರಿ ಜಾರಿ ಹೋಗುತ್ತಿತ್ತು. ಜೋರು ಮಾಡಿದಷ್ಟೂ ಜಾರುತ್ತಿತ್ತು. ಕೈ ಹೊರಗೆ ತೆಗೆದು, ಬ್ಯಾಗಿನಲ್ಲಿದ್ದ ಹತ್ತಿಯ ಹಗ್ಗದ ಕುಣಿಕೆಯನ್ನು ಕರುವಿನ ಕಾಲಿಗೆ ಹಾಕಿದೆ. ಹಗ್ಗ ಕಚ್ಚಿ ಹಿಡಿಯಿತು. ಹಸು ತಿಣುಕಿದಾಗ ನಾನೂ ಎಳೆದೆ, ಚಿಕ್ಕತಾಯಮ್ಮನೂ ನನ್ನ ಹಿಂದೆ ನಿಂತು ಹಗ್ಗ ಹಿಡಿದಳು. ಈಗ ಎಳೆದ ಎಳೆತವೆಲ್ಲ ಕರುವಿಗೆ ಮುಟ್ಟುತ್ತಿತ್ತು.

ಯಾರ್ಯಾರಿಗೆ ಎಲ್ಲೆಲ್ಲಿ ಜ್ಞಾನೋದಯ ಆಗುತ್ತದೆ ಎಂದು ಹೇಳುವುದು ಕಷ್ಟ. ನನಗೆ ಆದದ್ದು ಆ ಕೊಟ್ಟಿಗೆಯಲ್ಲಿ, ಸಗಣಿಯ ಮೇಲೆ ಮೊಳಕಾಲೂರಿ ಕೂತಿದ್ದಾಗ. ಬಲಕ್ಕೆ ಕೊರತೆಯಿಲ್ಲ, ಎಳೆಯಬೇಕಾದ ಭಾರವೂ ಇದ್ದಲ್ಲೇ ಇದೆ, ನಡುವೆ ಹಿಡಿತ ಇಲ್ಲ. ಹುಣಸೆಮರದ ಕೆಳಗೆ ನಿಂತಿದ್ದ ಗಾಡಿಯ ಕಾಯಿಲೆಯೂ ಇದೇ. ಎಂಜಿನ್ನಿಗೆ ಏನೂ ಆಗಿಲ್ಲ, ಚಕ್ರಕ್ಕೂ ಏನೂ ಆಗಿಲ್ಲ. ಎಂಜಿನ್ನಿನ ಬಲವನ್ನು ಹಿಡಿದು ಚಕ್ರಕ್ಕೆ ಮುಟ್ಟಿಸುವ ಕ್ಲಚ್ ಪ್ಲೇಟುಗಳು ಸವೆದು ಜಾರುತ್ತಿವೆ. "ಕ್ಲಚ್ಚು," ಎಂದು ನಾನು ಗಟ್ಟಿಯಾಗಿಯೇ ಹೇಳಿಬಿಟ್ಟಿರಬೇಕು. ಚಿಕ್ಕತಾಯಮ್ಮ ಅದು ಯಾವುದೋ ಕಾಯಿಲೆಯ ಹೆಸರು ಎಂದುಕೊಂಡು, "ವಾಸಿ ಆದದಾ ಬುದ್ದೀ?" ಎಂದು ಕೇಳಿದಳು. "ಆಗ್ತದೆ ಕಣಮ್ಮ," ಎಂದೆ. ಅಷ್ಟರಲ್ಲಿ ಕರು ಜಾರಿ ಹುಲ್ಲಿನ ಮೇಲೆ ಬಿತ್ತು. ಹೆಣ್ಣುಗರು, ಹಣೆಯ ಮೇಲೆ ಬಿಳಿ ಬೊಟ್ಟು. ಮೂಗು ಒರೆಸಿ ಎದೆ ತಿಕ್ಕಿದ ಮೇಲೆ ಸೀನಿತು. ಆ ಮುದುಕಿ ಹಸುವಿನ ಕೊರಳು ತಬ್ಬಿಕೊಂಡು ಬಹಳ ಹೊತ್ತು ಹಾಗೇ ಕೂತಿದ್ದಳು. ನಾನೂ ಖುಷಿಯಾಗಿದ್ದೆ. ಎರಡು ಕಾರಣಕ್ಕೆ ಖುಷಿಯಾಗಿದ್ದೇನೆ ಎಂದು ಅವಳಿಗೆ ಹೇಳಲಿಲ್ಲ.

ತಣ್ಣಗಾಗಿದ್ದ ಗಾಡಿ ಇಳಿಜಾರಿನಲ್ಲಿ ಮತ್ತೆ ಹೊರಟಿತು. ವಾಪಸು ಬರುತ್ತ ದಾರಿಯಲ್ಲಿ ನಿಲ್ಲಿಸಿ ಕ್ರಮವಾಗಿ ಪರೀಕ್ಷೆ ಮಾಡಿದೆ. ದನವನ್ನು ನೋಡುವ ಕ್ರಮ ನನಗೆ ಗೊತ್ತಿತ್ತಲ್ಲ. ಮೇವು ತಿನ್ನುತ್ತಿದೆಯೇ? ಪೆಟ್ರೋಲು ಚೆನ್ನಾಗಿಯೇ ಕುಡಿಯುತ್ತಿತ್ತು, ಮೊದಲಿಗಿಂತ ಹೆಚ್ಚಾಗಿಯೇ. ಉಸಿರು ಹೇಗಿದೆ? ಹೊಗೆ ತೆಳ್ಳಗೆ ನೀಲಿ, ವಯಸ್ಸಿಗೆ ತಕ್ಕ ಹಾಗೆ. ಮೈ ಬಿಸಿ ಇದೆಯೇ? ಎಂಜಿನ್ನಿನ ಎಡಗಡೆ, ಕ್ಲಚ್ಚಿನ ಮುಚ್ಚಳದ ಮೇಲೆ ಕೈ ಇಡಲಾಗಲಿಲ್ಲ, ಅಷ್ಟು ಸುಡುತ್ತಿತ್ತು. ಕ್ಲಚ್ ಕೇಬಲ್ಲು ಬಿಗಿಯಾಗಿ ಎಳೆದುಕೊಂಡಿದ್ದರೂ ಹೀಗೆ ಆಗಬಹುದು ಅಂತ ಅದನ್ನು ಸಡಿಲ ಮಾಡಿ ನೋಡಿದೆ, ವ್ಯತ್ಯಾಸ ಆಗಲಿಲ್ಲ. ಕೊನೆಗೆ ಮಟ್ಟದ ರಸ್ತೆಯಲ್ಲಿ ನಿಲ್ಲಿಸಿ, ಟಾಪ್ ಗೇರಿಗೆ ಹಾಕಿ, ಎರಡೂ ಬ್ರೇಕು ಬಿಗಿಹಿಡಿದು, ಎಕ್ಸಲರೇಟರ್ ಕೊಟ್ಟು ಕ್ಲಚ್ಚು ಬಿಟ್ಟೆ. ಕ್ಲಚ್ಚು ಗಟ್ಟಿಯಾಗಿದ್ದರೆ ಎಂಜಿನ್ನು ಆ ಕ್ಷಣವೇ ಆಫ್ ಆಗಬೇಕು. ಇದು ಆರಾಮವಾಗಿ ಡಬಡಬ ಎನ್ನುತ್ತಲೇ ಇತ್ತು, ಗೇರಿನಲ್ಲಿದ್ದೇನೆ ಎಂಬ ಪರಿವೆಯೇ ಇಲ್ಲದೆ. ನನಗೆ ಆದ ಸಂತೋಷವನ್ನು ಏನು ಹೇಳಲಿ. ತನ್ನ ಗಾಡಿ ಕೆಟ್ಟಿದೆ ಎಂದು ಖಚಿತವಾದಾಗ ರಸ್ತೆ ಮಧ್ಯೆ ನಿಂತು ನಕ್ಕವನು ಬಹುಶಃ ನಾನೊಬ್ಬನೇ.

ಮಾವನ ಜಗುಲಿಯ ಮುಂದೆ ನಾನೇ ನಿಲ್ಲಿಸಿ ವಿಷಯ ಹೇಳಿದೆ. ಅವರು ಒಪ್ಪಲಿಲ್ಲ. "ಕ್ಲಚ್ ಪ್ಲೇಟಾ? ಮೊನ್ನೆ ಮೊನ್ನೆ ಹೊಸದು ಆಕ್ಸಿವ್ನಿ ಕಣಪ್ಪ."

ನಾಗಮಣಿ ಆ ದಿನ ತವರಿನಲ್ಲೇ ಇದ್ದಳು. ಒಳಗಿನಿಂದ, "ಅಪ್ಪ, ಆಗ ನಾನು ಲಂಗ ಹಾಕ್ಕೊಂಡು ಸ್ಕೂಲಿಗೆ ಹೋಗ್ತಿದ್ದೆ," ಎಂದಳು.

"ನೀ ಸುಮ್ಕಿರು ಕಣಮ್ಮಿ," ಎಂದರು ಮಾವ. ಆದರೆ ಆಮೇಲೆ ಸ್ವಲ್ಪ ಹೊತ್ತು ಲೆಕ್ಕ ಹಾಕುವವರ ಹಾಗೆ ಸೂರು ನೋಡುತ್ತ ಕೂತರು.

ಗುಂಡ್ಲುಪೇಟೆಯಲ್ಲಿ ಆ ತರದ ಗಾಡಿ ಬಲ್ಲ ಮಲಯಾಳಿ ಮೆಕ್ಯಾನಿಕ್ಕು ಒಬ್ಬನಿದ್ದ. ಅವನು ತಂಗಿಯ ಮದುವೆಗೆ ಊರಿಗೆ ಹೋದವನು ಬಂದಿರಲಿಲ್ಲ. ಕಾರ್ಬೊರೇಟರ್ ತೊಳೆದವನ ಕೈಗೆ ಮತ್ತೆ ಕೊಡಲು ನನಗೆ ಮನಸ್ಸಿಲ್ಲ. "ನಾನೇ ಬಿಚ್ಚುತ್ತೇನೆ," ಎಂದೆ. ಆ ಮಾತು ಬಾಯಿಂದ ಹೇಗೆ ಬಂತೋ. ಮಾವ ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸರಿಸಿ, "ಇಲ್ಲೇ ಅಂಗಳದಲ್ಲಿ ಬಿಚ್ಚಿ. ನಾನೂ ನೋಡ್ಬೇಕು," ಎಂದರು. ಅದು ಅನುಮತಿಯೋ ಸವಾಲೋ ತಿಳಿಯಲಿಲ್ಲ.

ಹೊಸ ಪ್ಲೇಟುಗಳನ್ನು ಚಾಮರಾಜನಗರದ ಅಂಗಡಿಯಿಂದ ತಂದೆ. ಉಂಗುರದಂಥ ತಟ್ಟೆಗಳು, ಮೇಲೆ ಬಿರಡೆಯ, ಅಂದರೆ ಕಾರ್ಕಿನ, ತುಂಡುಗಳನ್ನು ಕೂರಿಸಿರುತ್ತಾರೆ. ಹಾಕುವ ಮುಂಚೆ ಎಣ್ಣೆಯಲ್ಲಿ ಚೆನ್ನಾಗಿ ನೆನೆಯಬೇಕು, ಇಲ್ಲದಿದ್ದರೆ ಬೇಗ ಸುಡುತ್ತವೆ ಎಂದು ಅಂಗಡಿಯವನು ಹೇಳಿದ್ದ. ಶನಿವಾರ ಸಂಜೆ ನಮ್ಮ ಅಡಿಗೆಮನೆಯಲ್ಲಿ ಕಂಡ ಒಂದು ಅಗಲವಾದ ಪಾತ್ರೆಗೆ ಗೇರ್ ಆಯಿಲ್ ಸುರಿದು ಅವುಗಳನ್ನು ಮುಳುಗಿಸಿ ಮುಚ್ಚಳ ಮುಚ್ಚಿಟ್ಟೆ. ಭಾನುವಾರ ಬೆಳಿಗ್ಗೆ ನಾಗಮಣಿ ದೋಸೆಗೆ ಹಿಟ್ಟು ತೆಗೆಯಲು ಹೋಗಿ ತಪ್ಪು ಮುಚ್ಚಳ ಎತ್ತಿದಳು. ಬಗ್ಗಿ ಮೂಸಿ ನೋಡಿ, "ಇದಕ್ಕೆ ಉಪ್ಪು ಹಾಕಿದ್ದೀರಾ?" ಎಂದು ಕೇಳಿದಳು. ಆ ಪಾತ್ರೆ ಮತ್ತೆ ಅಡಿಗೆಮನೆಗೆ ಹೋಗಲಿಲ್ಲ. ಈಗಲೂ ನನ್ನ ಸ್ಪ್ಯಾನರುಗಳು ಅದರಲ್ಲೇ ಇವೆ.

ದೋಸೆ ತಿಂದು ಇಬ್ಬರೂ ಗುಂಡ್ಲುಪೇಟೆಗೆ ಹೋಗಿ, ಮಾವನ ಅಂಗಳದಲ್ಲಿ ಗೋಣಿತಾಟು ಹಾಸಿ ಕೆಲಸ ಶುರುಮಾಡಿದೆ. ಮಾವ ಕುರ್ಚಿಯನ್ನು ಜಗುಲಿಯಿಂದ ಇಳಿಸಿ ಪಕ್ಕದಲ್ಲೇ ಹಾಕಿಕೊಂಡು ಕೂತರು. ಏನೂ ಮಾತಾಡುವುದಿಲ್ಲ ಎಂದು ಮೊದಲೇ ಹೇಳಿದ್ದರು, ಮಾತಾಡಲೂ ಇಲ್ಲ. ನಾನು ತಪ್ಪು ಸ್ಪ್ಯಾನರಿಗೆ ಕೈ ಹಾಕಿದಾಗ ಕೆಮ್ಮುತ್ತಿದ್ದರು, ಅಷ್ಟೇ. ಬಿಚ್ಚಿದ ಒಂದೊಂದು ಭಾಗವನ್ನೂ ನಾಗಮಣಿ ಬಿಚ್ಚಿದ ಕ್ರಮದಲ್ಲೇ ಮೊರದಲ್ಲಿ ಜೋಡಿಸುತ್ತ ಹೋದಳು. ಮಕ್ಕಳನ್ನು ಪ್ರಾರ್ಥನೆಗೆ ಸಾಲಾಗಿ ನಿಲ್ಲಿಸಿ ಅಭ್ಯಾಸವಾದ ಕೈ. ಎಣ್ಣೆ ಇಳಿಸಿ, ಕಿಕ್ಕರ್ ತೆಗೆದು, ಮುಚ್ಚಳ ತೆಗೆದರೆ ಒಳಗೆ ಬುಟ್ಟಿಯಂಥ ಕ್ಲಚ್ಚು, ಅದರ ತುಂಬ ಬಿಗಿಯಾದ ಸ್ಪ್ರಿಂಗುಗಳು. ಸ್ಪ್ರಿಂಗು ಹಿಡಿಯಲು ನನ್ನ ಹತ್ತಿರ ಮೆಕ್ಯಾನಿಕ್ಕರ ಹತಾರ ಇರಲಿಲ್ಲ. ಆಪರೇಷನ್ ಮಾಡುವಾಗ ರಕ್ತನಾಳ ಹಿಡಿಯುವ ಫೋರ್ಸೆಪ್ಸ್ ಇತ್ತು. ಅದು ಇಂಥ ಕೆಲಸಕ್ಕೇ ಹುಟ್ಟಿದ ಹಾಗೆ ಕಚ್ಚಿ ಹಿಡಿಯಿತು. ಮಾವ ಕೆಮ್ಮಲಿಲ್ಲ. ಅದನ್ನು ನಾನು ಗಮನಿಸಿದೆ.

ಪ್ಲೇಟುಗಳು ಒಂದೊಂದಾಗಿ ಹೊರಬಂದವು. ಬಿರಡೆ ಎಲ್ಲಿತ್ತೆಂದು ಹುಡುಕಬೇಕಾಗಿತ್ತು, ಅಷ್ಟು ಸವೆದು ಕರಿಯಾಗಿ ಕನ್ನಡಿಯ ಹಾಗೆ ನುಣ್ಣಗಾಗಿತ್ತು. ಒಂದನ್ನು ಏನೂ ಹೇಳದೆ ಮಾವನ ಕೈಗೆ ಕೊಟ್ಟೆ. ಅವರು ಹೆಬ್ಬೆರಳಿನಿಂದ ಸವರಿದರು, ಮೂಸಿದರು, ಮತ್ತೆ ಸವರಿದರು. "ಊಂ," ಎಂದರು. ಇಡೀ ಜೀವನದಲ್ಲಿ ನನಗೆ ಸಿಕ್ಕಿದ ಪ್ರಶಸ್ತಿಗಳಲ್ಲಿ ಆ 'ಊಂ'ಗೆ ಸಮನಾದದ್ದಿಲ್ಲ. ಬೇರೆ ಪ್ರಶಸ್ತಿ ಸಿಕ್ಕಿಲ್ಲ ಎಂಬುದೂ ನಿಜ.

ನಡುನಡುವೆ ಬರುವ ಉಕ್ಕಿನ ತಟ್ಟೆಗಳು ಬಿಸಿಗೆ ಸೊಟ್ಟಗಾಗಿವೆಯೇ ಎಂದು ನೋಡಬೇಕಿತ್ತು. ಅದಕ್ಕೆ ಮಟ್ಟಸವಾದ ಗಾಜು ಬೇಕು. ಮನೆಯಲ್ಲಿದ್ದ ಮುಖದ ಕನ್ನಡಿ ಅಂಗೈಯಷ್ಟು. ನಾಗಮಣಿ ಅತ್ತಿತ್ತ ನೋಡಿ, ಸ್ಟೂಲು ಹತ್ತಿ, ಅಪ್ಪನ ಅಪಘಾತವಿಲ್ಲದ ಸರ್ಟಿಫಿಕೇಟನ್ನೇ ಇಳಿಸಿ ತಂದು ನನ್ನ ಮುಂದಿಟ್ಟಳು. ಮಾವನ ಮುಖ ನೋಡಲು ಧೈರ್ಯ ಆಗಲಿಲ್ಲ. ಎಣ್ಣೆ ಸುರಿಯುವ ಉಕ್ಕಿನ ತಟ್ಟೆಯನ್ನು ಅವರ ಹೆಸರಿನ ಮೇಲೆಯೇ ಇಟ್ಟು, ಕಣ್ಣು ಕಿರಿದು ಮಾಡಿ, ಕೆಳಗೆ ಬೆಳಕು ನುಸುಳುತ್ತದೆಯೇ ಎಂದು ನೋಡಿದೆ. ಮಾವ ಕುರ್ಚಿಯಿಂದ ಎದ್ದರು. ಬೈಯುತ್ತಾರೆ ಎಂದುಕೊಂಡೆ. ಅವರು ಕಷ್ಟಪಟ್ಟು ಮೊಳಕಾಲೂರಿ, ನನ್ನ ಪಕ್ಕದಲ್ಲಿ ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ ತಾವೂ ನೋಡಿ, "ಸೊಟ್ಟ ಇಲ್ಲ. ಒರ್ಸಿ ಮತ್ತೆ ಮೇಲಕ್ಕೆ ನೇತಾಕಮ್ಮಿ," ಎಂದರು.

ಜೋಡಿಸುವುದು ಸರಾಗವಾಗಿ ನಡೆಯಿತು. ಒಂದು ಬಿರಡೆಯದು, ಒಂದು ಉಕ್ಕಿನದು, ಒಂದು ಬಿರಡೆಯದು. ಸ್ಪ್ರಿಂಗುಗಳು ಕೂತವು. ಮುಚ್ಚಳದ ಗ್ಯಾಸ್ಕೆಟ್ ಹರಿದಿತ್ತು. ಲಸಿಕೆ ಬಂದಿದ್ದ ಡಬ್ಬದ ರಟ್ಟನ್ನು ಮುಚ್ಚಳದ ಅಂಚಿಗಿಟ್ಟು ಮೆಲ್ಲಗೆ ಸುತ್ತಿಗೆಯಿಂದ ತಟ್ಟಿ, ಅಚ್ಚು ಬಿದ್ದ ಕಡೆ ಕತ್ತರಿಸಿ ಹೊಸದು ಮಾಡಿದೆ. ಎಮ್ಮೆಗೆ ಔಷಧಿ ಕುಡಿಸುವ ದೊಡ್ಡ ಸಿರಿಂಜಿನಿಂದ ಗೇರ್ ಆಯಿಲ್ಲು ಒಂದು ತೊಟ್ಟೂ ಚೆಲ್ಲದೆ ಒಳಗೆ ಹೋಯಿತು. ಕೈ ಒರೆಸಿಕೊಂಡು, ಎದ್ದು ನಿಂತು, ನಾಗಮಣಿಯನ್ನೂ ಮಾವನನ್ನೂ ಒಮ್ಮೆ ನೋಡಿ, ಕ್ಲಚ್ಚಿನ ಲಿವರ್ ಒತ್ತಿದೆ. ಅದು ಸಡಿಲವಾಗಿ ಹ್ಯಾಂಡಲಿಗೆ ಹೋಗಿ ಅಂಟಿಕೊಂಡಿತು. ಒಳಗೆ ಏನೂ ಅಲುಗಲಿಲ್ಲ. ಮತ್ತೆ ಒತ್ತಿದೆ. ಕೇಬಲ್ ಬಿಗಿ ಮಾಡಿ ಒತ್ತಿದೆ. ಇಲ್ಲ.

ಇಲ್ಲಿಂದ ಮುಂದಿನ ಸ್ವಲ್ಪ ಹೊತ್ತು ನಾನು ಹೇಗೆ ಕಂಡೆ ಎಂಬುದನ್ನು ನಾಗಮಣಿ ಬೇರೆಯೇ ತರ ಹೇಳುತ್ತಾಳೆ, ಅದನ್ನು ಕೇಳಬೇಡಿ. ನಾನು ಎಣ್ಣೆ ಇಳಿಸಿ ಮತ್ತೆ ಮುಚ್ಚಳ ಬಿಚ್ಚಿದೆ. ಎಲ್ಲ ಸರಿಯಾಗಿತ್ತು. ಮೊರ ಬರಿದಾಗಿತ್ತು. ಲಿವರ್ ಒತ್ತಿದಾಗ ಪ್ಲೇಟುಗಳನ್ನು ತಳ್ಳುವ ಒಂದು ಸಣ್ಣ ಕಂಬಿ ಇರುತ್ತದೆ, ಅದೂ ಜಾಗದಲ್ಲಿತ್ತು. ಆದರೆ ಆ ಕಂಬಿ ಸ್ವಲ್ಪ ಗಿಡ್ಡವಾಗಿದೆ ಅನ್ನಿಸಿತು. ಅದರ ತುದಿಯ ಕುಳಿ ನೋಡಿದರೆ ಅಲ್ಲಿ ಒಂದು ಗುಂಡು ಇದ್ದಿರಬೇಕು. ಗೋಣಿತಾಟು ಒದರಿದೆ, ಕಲ್ಲುಚಪ್ಪಡಿಯ ಸಂದಿಯಲ್ಲಿ ಕಡ್ಡಿ ಆಡಿಸಿದೆ, ಚರಂಡಿಯಲ್ಲಿ ಇಣುಕಿದೆ. ಬಿಸಿಲು ನೆತ್ತಿಗೆ ಬಂದಿತ್ತು. ಮಾವ ಬಲಗೈ ಮುಷ್ಟಿ ಕಟ್ಟಿ ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತ ಕೂತಿದ್ದರು. ಅವರು ಎಲೆಅಡಿಕೆಯನ್ನು ಎಡಗೈಯಲ್ಲಿ ಹಾಕಿಕೊಂಡದ್ದನ್ನು ಕಂಡಾಗ ನನಗೆ ಸಂಶಯ ಬಂತು.

"ಮಾವ, ಇಲ್ಲಿ ಒಂದು ಚಿಕ್ಕ ಗುಂಡು ಏನಾದರೂ ನೋಡಿದಿರಾ?" ಎಂದು ಕೇಳಿದೆ.

ಅವರು ಮುಷ್ಟಿ ಬಿಚ್ಚಿದರು. ಅಂಗೈಯಲ್ಲಿ ಉಕ್ಕಿನ ಗುಂಡು, ಮೆಣಸಿನಕಾಳಿಗಿಂತ ಸ್ವಲ್ಪ ದೊಡ್ಡದು, ಬೆವರಿನಿಂದ ಹೊಳೆಯುತ್ತಿತ್ತು. "ಉರುಳ್ಕಂಡು ಚರಂಡಿಗೆ ಓಯ್ತಿತ್ತು. ಇಡ್ಕಂಡೆ," ಎಂದರು.

"ಆಗಲೇ ಹೇಳಬಾರದಿತ್ತಾ?"

"ನೀವು ಕೇಳ್ನಿಲ್ವಲ್ಲ."

ಹೇಳಿದ ದನಿಯಲ್ಲಿ ತಮಾಷೆ ಇರಲಿಲ್ಲ. ನನಗೆ ಕೋಪ ಬರಬೇಕಾಗಿತ್ತು, ಬರಲಿಲ್ಲ. ಗಾಡಿ ನನ್ನ ಕೈಗೆ ಬಂದ ದಿನದಿಂದ ನಾನು ಅವರ ಮಾತನ್ನು ಕೇಳಿಸಿಕೊಳ್ಳುತ್ತಿದ್ದೆ, ಅವರನ್ನು ಏನನ್ನೂ ಕೇಳಿರಲಿಲ್ಲ. ಅಷ್ಟು ವರ್ಷ ಒರೆಸಿ, ತೊಳೆದು, ಕಿವಿಗೊಟ್ಟು ಸಾಕಿದ ಗಾಡಿಯನ್ನು ಕಣ್ಣೆದುರಿಗೇ ಇನ್ನೊಬ್ಬ ಬಿಚ್ಚಿ ಹರಡಿಕೊಂಡಿದ್ದಾನೆ, ಅವರು ಕುರ್ಚಿಯಲ್ಲಿ ಕೂತು ಕೆಮ್ಮುತ್ತಿದ್ದಾರೆ. "ಮಾವ, ಇದನ್ನು ಕೂರಿಸುವಾಗ ಸ್ವಲ್ಪ ಕಂಬಿ ಹಿಡಿದುಕೊಳ್ಳುತ್ತೀರಾ?" ಎಂದೆ. ಅವರು ಪಂಚೆ ಎತ್ತಿ ಕಟ್ಟಿ ಗೋಣಿತಾಟಿನ ಮೇಲೆ ಕೂತರು. ಆಮೇಲೆ ಅವರ ಬಾಯಿ ನಿಲ್ಲಲಿಲ್ಲ. ಊಟಿ ಘಾಟಿಯಲ್ಲಿ ಬ್ರೇಕ್ ಬಿಸಿಯಾದದ್ದು, ವೈನಾಡಿನ ಮಂಜಿನಲ್ಲಿ ಆನೆಯ ಹಿಂದೆ ತಾಸುಗಟ್ಟಲೆ ಬಸ್ಸು ನಿಲ್ಲಿಸಿದ್ದು ಎಲ್ಲ ಬಂತು. ಎರಡನೇ ಸಲ ಜೋಡಿಸುವಾಗ ಕೈ ನನ್ನದೆಷ್ಟು ಅವರದೆಷ್ಟು ಎಂದು ಹೇಳುವುದು ಕಷ್ಟ. ಮೊದಲೇ ಹೇಳಿದ ತಕರಾರು ಇದೇ. ಅವರು ಮುಕ್ಕಾಲು ಪಾಲು ಎನ್ನುತ್ತಿದ್ದರು, ನಾನು ಅರ್ಧಕ್ಕೆ ಮಾತ್ರ ಒಪ್ಪುತ್ತೇನೆ.

ಈ ಸಲ ಲಿವರ್ ಒತ್ತಿದರೆ ಒಳಗಿನಿಂದ ಉತ್ತರ ಬಂತು. ಕಿಕ್ಕಿಗೆ ಕಾಲಿಟ್ಟರೆ ಎದುರು ತಳ್ಳಿತು. ಎಂಜಿನ್ನು ಶುರುವಾಯಿತು. ಹಿಂದೆ ಕೂರಲು ನಾಗಮಣಿ ಸೆರಗು ಸರಿಮಾಡಿಕೊಂಡು ಬಂದಳು. ಅಷ್ಟರಲ್ಲಿ ಮಾವ ಕಾಲುನೋವನ್ನೂ ಮರೆತು ಹಿಂದಿನ ಸೀಟಿನಲ್ಲಿ ಕೂತಾಗಿತ್ತು. "ಬೆಟ್ಟಕ್ಕೆ ಓಗನ," ಎಂದರು. ಮಾವ ನಮ್ಮ ಮನೆಯವರಲ್ಲೆಲ್ಲ ಹೆಚ್ಚು ತೂಕದ ಆಸಾಮಿ. ಇದಕ್ಕಿಂತ ಕಠಿಣವಾದ ಪರೀಕ್ಷೆ ಯಾವ ಕಾರ್ಖಾನೆಯಲ್ಲೂ ಇರಲಾರದು.

ಚೆಕ್‌ಪೋಸ್ಟ್ ದಾಟಿದೆವು. ಮೊದಲನೇ ತಿರುವು ಬಂತು. ನಾನು ಎಕ್ಸಲರೇಟರ್ ತಿರುವಿದೆ. ಎಂಜಿನ್ನಿನ ದನಿ ಗಟ್ಟಿಯಾಯಿತು, ಅದರ ಜೊತೆಗೇ ಗಾಡಿಯೂ ಮುಂದಕ್ಕೆ ಚಿಮ್ಮಿತು. ನಾಗಮಣಿ ಇಳಿದು ನಡೆದ ಜಾಗ ಹಿಂದೆ ಹೋಯಿತು. ತಿರುವಿನ ಮೇಲೆ ತಿರುವು, ಎಡಕ್ಕೆ ಕಣಿವೆ, ದೂರದಲ್ಲಿ ಕಾಡು, ಮುಖಕ್ಕೆ ತಣ್ಣನೆಯ ಗಾಳಿ. ಮಾವನ ಕೈ ನನ್ನ ಹೆಗಲ ಮೇಲಿತ್ತು, ಬೆರಳುಗಳು ತಾಳ ಹಾಕುತ್ತಿದ್ದವು. ತುದಿಯಲ್ಲಿ ನಿಲ್ಲಿಸಿದಾಗ ಇಬ್ಬರೂ ತಕ್ಷಣ ಇಳಿಯಲಿಲ್ಲ. ಎಂಜಿನ್ನು ಆರುವ ಸಣ್ಣ ಟಿಕ್ ಟಿಕ್ ಸದ್ದು ಕೇಳುತ್ತಿತ್ತು.

"ಚೆನ್ನಾಗ್ ಹತ್ತುದ್ಲು ಅಳಿಮಯ್ಯ," ಎಂದರು, ಗಾಡಿಯ ಸೀಟು ತಟ್ಟಿ.

ಅವರು ಇಳಿದು, ಪಂಚೆ ಕೊಡವಿಕೊಂಡು, ಕಣಿವೆಯ ಕಡೆ ನೋಡುತ್ತ ಮುಂದುವರಿಸಿದರು. "ಆದ್ರೆ ದಾರೀಲೆಲ್ಲ ಎರಡ್ ಬೆರ್ಳ ಕ್ಲಚ್ ಲಿವರ್ ಮೇಲೇ ಇಟ್ಕಂಡಿರ್ತೀರಿ. ಅಂಗೇ ಇಟ್ರೆ ಯಾವ್ ಪ್ಲೇಟೂ ಉಳಿಯಾಕಿಲ್ಲ." ನನ್ನ ಎಡಗೈ ನೋಡಿಕೊಂಡೆ. ಗಾಡಿ ನಿಂತು ಎಂಜಿನ್ನು ಆಫಾಗಿದ್ದರೂ ಎರಡು ಬೆರಳು ಲಿವರ್ ಮೇಲೇ ಇದ್ದವು.

ಆ ಮಾತು ಬೆಟ್ಟದ ಮೇಲೇ ಉಳಿಯಿತು. ಊರಿಗೆ ಇಳಿದು ಬಂದದ್ದು ಇನ್ನೊಂದು. ನಿವೃತ್ತ ಬಸ್ ಡ್ರೈವರರ ಬಾಯಿಗೆ ಒಂದು ಸುದ್ದಿ ಸಿಕ್ಕಿದರೆ ಅದು ಬಸ್ಸಿಗಿಂತ ಬೇಗ ಹೋಗುತ್ತದೆ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ, ಹಳೇ ಕಂಡಕ್ಟರುಗಳ ಕಟ್ಟೆಯಲ್ಲಿ, ಬೇಗೂರಿನ ಸಂತೆಯಲ್ಲಿ ಕೂಡ ಅವರು, "ನಮ್ಮಳಿಯ ಒಂದ್ ಸಲ ಮೂಸ್ದ, ಕ್ಲಚ್ಚು ಅಂದ್ಬುಟ್ಟ" ಎಂದು ಹೇಳಿಕೊಂಡು ಬಂದರಂತೆ. ನಾನು ಕೇಳಿದಾಗ, "ನಾನ್ಯಾಕ್ ಯೋಳಕ್ಕೋಗ್ಲಿ," ಎಂದರು.

ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ಆಸ್ಪತ್ರೆಗೆ ಹೋದರೆ ಬೇವಿನಮರದ ಕೆಳಗೆ ಎಂದಿನಂತೆ ಸಾಲು. ಕೆಮ್ಮುವ ಎಮ್ಮೆ ಒಂದು, ಕಾಲುಬಾವಿನ ಹಸು ಒಂದು, ಕುರಿಗಳು. ಅವುಗಳ ನಡುವೆ, ಸರದಿ ತಪ್ಪಿಸದೆ, ಒಬ್ಬ ರೈತ ಹಳೇ ಸ್ಕೂಟರು ಹಿಡಿದುಕೊಂಡು ನಿಂತಿದ್ದ. ಸಿದ್ದಯ್ಯ ಅವನಿಗೂ ಹೊರರೋಗಿ ಚೀಟಿ ಕೊಟ್ಟಿದ್ದ.

"ಏನಪ್ಪ ಇದು?" ಎಂದೆ.

"ಸಾ, ಕಿಕ್ ಒಡುದ್ರೆ ಸುಮ್ನ ಜಾರೋಯ್ತದ. ಡಾಕ್ಟ್ರತ್ರ ತೋರ್ಸು ಅಂದ್ರು."

ನಾನು ಬಹಳ ಗಂಭೀರವಾಗಿ, ಇದು ಸರ್ಕಾರಿ ಪಶು ಆಸ್ಪತ್ರೆ, ಮೂಕಪ್ರಾಣಿಗಳಿಗೆ ಚಿಕಿತ್ಸೆ ಕೊಡುವ ಜಾಗ, ಇಲ್ಲಿ ಇಂಥದನ್ನೆಲ್ಲ ತರಬಾರದು ಎಂದು ತಿಳಿಹೇಳಿದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡು, ತಪ್ಪಾಯಿತು ಎಂದು ಸ್ಕೂಟರು ತಿರುಗಿಸಿದ. ಗೇಟಿನವರೆಗೆ ತಳ್ಳಿಕೊಂಡು ಹೋಗಿದ್ದ. ನಾನು ಎಮ್ಮೆಯ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳುತ್ತಿದ್ದೆ. ಎಮ್ಮೆಯ ಎದೆಯಲ್ಲಿ ಏನು ಸದ್ದಿತ್ತೋ ನನಗೆ ನೆನಪಿಲ್ಲ.

"ಏಯ್, ಸ್ವಲ್ಪ ನಿಲ್ಲಪ್ಪ," ಎಂದು ಕೂಗಿದೆ. "ಏರಲ್ಲಿ ಸುಟ್ಟ ವಾಸನೆ ಏನಾದರೂ ಬರ್ತದಾ?"